ಹೇರಿದ ಭಾರ ಮತ್ತು ಎಳೆದ ದುಡಿಮೆ: ಜಾರುಬಂಡಿಯ ಚರಿತ್ರೆಯ ಒಂದು ವಿವೇಚನೆ

೧

ಭಾರವನ್ನು ಎತ್ತುವುದಕ್ಕೂ ಎಳೆಯುವುದಕ್ಕೂ ಇರುವ ವ್ಯತ್ಯಾಸವು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಮಾನವಶ್ರಮದ ಚರಿತ್ರೆಯನ್ನು ಬರೆಯಹೊರಟವರಿಗೆ ಅದು ಅಲ್ಪವಾದುದಲ್ಲ. ಎತ್ತಿದ ಭಾರವನ್ನು ತಕ್ಕಡಿಯಲ್ಲಿ ತೂಗಿ ಹೇಳಬಹುದು. ಐವತ್ತು ಕಿಲೋಗ್ರಾಂ ಎತ್ತಿದವನು ಕಲ್ಲುನೆಲದ ಮೇಲೆ ನಿಂತು ಎತ್ತಿದರೂ ಹುಲ್ಲಿನ ಮೇಲೆ ನಿಂತು ಎತ್ತಿದರೂ ಎತ್ತಿದುದು ಐವತ್ತೇ. ಎಳೆದ ಭಾರದ ವಿಷಯ ಹಾಗಲ್ಲ. ಅದರ ಲೆಕ್ಕದಲ್ಲಿ ನೆಲವೂ ಒಂದು ಪಾಲುದಾರ.

ಈ ಮಾತನ್ನು ನಾವು ಗ್ರಂಥಗಳಿಂದ ಕಲಿಯುವುದಕ್ಕೆ ಮೊದಲು ನಮ್ಮ ವಿದ್ಯಾರ್ಥಿಯೊಬ್ಬನ ಸೊಂಟನೋವಿನಿಂದ ಕಲಿತೆವೆಂದು ಒಪ್ಪಿಕೊಳ್ಳಬೇಕಾಗಿದೆ. ಆತನು ತನ್ನ ಮನೆಯ ಹಿಂದಿನ ಬಯಲಿನಲ್ಲಿ ಹಳೆಯ ಲಾರಿ ಟೈರೊಂದಕ್ಕೆ ಹಗ್ಗ ಬಿಗಿದು, ಅದರ ಮೇಲೆ ಮರಳುಚೀಲಗಳನ್ನಿಟ್ಟು, ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಎಳೆಯುವ ಅಭ್ಯಾಸವನ್ನು ಕೈಗೊಂಡಿದ್ದನು. ಬೇಸಗೆಯಲ್ಲಿ ಒರಟಾದ ಒಣನೆಲದ ಮೇಲೆ ಕಷ್ಟದಿಂದ ಸರಿಯುತ್ತಿದ್ದ ಟೈರು, ಮಳೆ ಬಿದ್ದು ಹುಲ್ಲು ಹಬ್ಬಿದ ಮೇಲೆ ಹಗುರವಾಗಿ ಸರಿಯತೊಡಗಿತು. ತನ್ನ ಬಲ ವೃದ್ಧಿಯಾಯಿತೆಂದು ಹಿಗ್ಗಿದ ಆತನು ಚೀಲಗಳನ್ನು ಇಮ್ಮಡಿ ಮಾಡಿದನು. ಮಳೆ ಬಿಟ್ಟು ನೆಲವು ಮತ್ತೆ ಒಣಗಿದ ಮೇಲೆ ಅದೇ ಇಮ್ಮಡಿ ಭಾರವನ್ನು ಜಗ್ಗಿ ಎಳೆಯಹೋಗಿ, ಸೊಂಟ ಹಿಡಿದು ಎಂಟು ದಿನ ಮಲಗಿದನು. ಚೇತರಿಸಿಕೊಂಡು ಬಂದವನು ಕೇಳಿದ ಪ್ರಶ್ನೆ ಒಂದೇ: "ಸಾರ್, ಹಾಗಾದರೆ ಇಷ್ಟು ದಿನ ನಾನು ನಿಜವಾಗಿ ಎಳೆದದ್ದು ಎಷ್ಟು?"

ಈ ಪ್ರಶ್ನೆಯು ಚರಿತ್ರೆಯ ಪ್ರಶ್ನೆಯೂ ಹೌದೆಂದು ನಮಗೆ ತೋರಿತು. ಪ್ರಾಚೀನರು ಇಂತಿಷ್ಟು ಭಾರದ ಶಿಲೆಯನ್ನು ಎಳೆದರೆಂದು ನಾವು ತರಗತಿಗಳಲ್ಲಿ ಹೇಳುತ್ತೇವೆ; ಆದರೆ ಎಳೆದವರ ದುಡಿಮೆ ಎಷ್ಟೆಂಬುದನ್ನು ಆ ಸಂಖ್ಯೆಯು ಹೇಳುವುದಿಲ್ಲ. ಭಾರದ ಸಂಖ್ಯೆಯನ್ನೇ ದುಡಿಮೆಯ ಸಂಖ್ಯೆಯೆಂದು ಭಾವಿಸುವುದರಿಂದ ಚರಿತ್ರಕಾರನೂ ವ್ಯಾಯಾಮಶೀಲನೂ ಒಂದೇ ಬಗೆಯ ತಪ್ಪಿಗೆ ಗುರಿಯಾಗುತ್ತಾರೆಂಬುದನ್ನು ಕೆಲವು ನಿದರ್ಶನಗಳಿಂದ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೨

ಜಾರುಬಂಡಿಯೆಂದರೆ ಗಾಲಿಯಿಲ್ಲದೆ, ನೆಲಕ್ಕೆ ಒತ್ತಿಕೊಂಡೇ ಸರಿಯುವ ಬಂಡಿ. ಇಂದಿನ ವ್ಯಾಯಾಮಶಾಲೆಗಳಲ್ಲಿ ಇದನ್ನು ಸ್ಲೆಡ್ ಎಂದೇ ಕರೆಯುತ್ತಾರೆ. ಹಿಮವಿಲ್ಲದ ನಮ್ಮ ನಾಡಿಗೆ ಈ ಹೆಸರು ಹೊಸದಾದರೂ ವಸ್ತು ಹೊಸದಲ್ಲ. ಬತ್ತದ ಗದ್ದೆಯನ್ನು ಉತ್ತು ನೀರು ಕಟ್ಟಿದ ಮೇಲೆ ಕೆಸರನ್ನು ಸಮಮಾಡಲು ಎತ್ತುಗಳಿಗೆ ಹಲಗೆಯನ್ನು ಕಟ್ಟಿ ಹೊಡೆಯುತ್ತಾರೆ. ಹಲಗೆ ನೆಲವನ್ನು ಕಚ್ಚಬೇಕೆಂದು ಹೊಡೆಯುವವನು ಅದರ ಮೇಲೆಯೇ ನಿಂತುಕೊಳ್ಳುತ್ತಾನೆ. ಆ ಹಲಗೆಯೂ ಒಂದು ಜಾರುಬಂಡಿ. ನಿಂತ ಮನುಷ್ಯನೇ ಅದರ ಭಾರ. ಅದೇ ಹಲಗೆಯನ್ನು ಅದೇ ಮನುಷ್ಯನೊಡನೆ ಒಣ ಹೆಂಟೆಗಳ ಮೇಲೆ ಎಳೆಯಬೇಕಾದರೆ ಎತ್ತುಗಳು ಪಡುವ ಪಾಡು ಬೇರೆಯೆಂಬುದನ್ನು ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ.

ಇದರ ತತ್ತ್ವ ಸರಳವಾಗಿದೆ. ಸಮತಲದ ಮೇಲೆ ಎಳೆಯುವವನು ಭಾರವನ್ನು ಎತ್ತುವುದಿಲ್ಲ. ನೆಲಕ್ಕೂ ಬಂಡಿಯ ತಳಕ್ಕೂ ನಡುವಣ ಘರ್ಷಣೆಯನ್ನು ಮಾತ್ರ ಗೆಲ್ಲುತ್ತಾನೆ. ಬಂಡಿಯ ಒಟ್ಟು ಭಾರ ೬೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಒಂದು ನೆಲದಲ್ಲಿ ಘರ್ಷಣೆಯು ಭಾರದ ಹತ್ತರಲ್ಲಿ ಮೂರು ಪಾಲಾಗಿದ್ದರೆ ಬೇಕಾಗುವ ಎಳೆತ ೧೮ ಕಿಲೋಗ್ರಾಂ ತೂಕದಷ್ಟು. ಇನ್ನೊಂದು ನೆಲದಲ್ಲಿ ಹತ್ತರಲ್ಲಿ ಆರು ಪಾಲಾಗಿದ್ದರೆ ೩೬ ಕಿಲೋಗ್ರಾಂ ತೂಕದಷ್ಟು. ಬಂಡಿಯ ಮೇಲೆ ಒಂದು ಹಿಡಿ ಮರಳನ್ನೂ ಹೆಚ್ಚಾಗಿ ಹಾಕದೆ ದುಡಿಮೆಯು ಇಮ್ಮಡಿಯಾಯಿತು. ಇದಲ್ಲದೆ ನಿಂತ ಬಂಡಿಯನ್ನು ಕದಲಿಸಲು ಬೇಕಾಗುವ ಬಲವು ಸರಿಯುತ್ತಿರುವ ಬಂಡಿಗೆ ಬೇಕಾಗುವ ಬಲಕ್ಕಿಂತ ಹೆಚ್ಚು. ನಮ್ಮ ವಿದ್ಯಾರ್ಥಿಯ ಸೊಂಟ ಹಿಡಿದುದು ನಡಿಗೆಯಲ್ಲಲ್ಲ, ಮೊದಲ ಜಗ್ಗಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

೩

ಜಾರುಬಂಡಿಯ ಎಳೆತಕ್ಕೆ ಸಂಬಂಧಿಸಿದ ಪ್ರಾಚೀನ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಈಜಿಪ್ಟಿನ ದೈರ್ ಅಲ್-ಬರ್ಶಾ ಎಂಬಲ್ಲಿರುವ ಜೆಹುತಿಹೋತೆಪ್ ಎಂಬ ಪ್ರಾಂತಾಧಿಪತಿಯ ಸಮಾಧಿಯಲ್ಲಿದೆ. ಈತನು ಹನ್ನೆರಡನೆಯ ರಾಜವಂಶದ ಕಾಲದವನು, ಎಂದರೆ ಸು. ಕ್ರಿ. ಪೂ. ೧೯ನೆಯ ಶತಮಾನದವನು. ಹತ್ನೂಬಿನ ಗಣಿಯ ಶಿಲೆಯಿಂದಾದ ಆತನ ಆಸೀನವಿಗ್ರಹದ ಎತ್ತರ ೧೩ ಮೊಳವೆಂದು ಅಲ್ಲಿನ ಬರಹ ತಿಳಿಸುತ್ತದೆ. ಇದು ಈಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ೭ ಮೀಟರ್. ಅದರ ಭಾರವನ್ನು ವಿದ್ವಾಂಸರು ಸುಮಾರು ೫೮ ಟನ್ನೆಂದು ಅಂದಾಜು ಮಾಡಿದ್ದಾರೆ.

ಚಿತ್ರದಲ್ಲಿ ವಿಗ್ರಹವನ್ನು ಜಾರುಬಂಡಿಗೆ ಹಗ್ಗಗಳಿಂದ ಬಿಗಿಯಲಾಗಿದೆ. ನಾಲ್ಕು ಸಾಲುಗಳಲ್ಲಿ ೧೭೨ ಜನರು ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಪ್ರಾಂತದ ಪೂರ್ವಭಾಗದ ಯುವಕರು, ಪಶ್ಚಿಮಭಾಗದ ಯುವಕರು, ಯೋಧರು, ಪುರೋಹಿತರು ಎಂದು ಸಾಲುಗಳನ್ನು ಗುರುತಿಸಲಾಗಿದೆ. ವಿಗ್ರಹದ ಮೊಣಕಾಲಿನ ಮೇಲೆ ನಿಂತವನೊಬ್ಬನು ಎಲ್ಲರ ಹೆಜ್ಜೆ ಒಂದಾಗಲೆಂದು ಕೈತಟ್ಟಿ ತಾಳ ಹಾಕುತ್ತಿದ್ದಾನೆ. ಬಂಡಿಯ ಮುಂತುದಿಯಲ್ಲಿ ಇನ್ನೊಬ್ಬನು ನಿಂತು ಅದರ ಮುಂದಿನ ನೆಲಕ್ಕೆ ನೀರು ಹೊಯ್ಯುತ್ತಿದ್ದಾನೆ. ಬರಹವು ದಾರಿಯ ದುರ್ಗಮತೆಯನ್ನು ಒಪ್ಪಿಕೊಂಡರೂ, ಎಳೆದವರ ಉತ್ಸಾಹವನ್ನೂ ನೋಡಿದವರ ಸಂತೋಷವನ್ನೂ ಬಹಳವಾಗಿ ಕೊಂಡಾಡುತ್ತದೆ.

ನೀರು ಹೊಯ್ಯುವವನನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿತ್ತು. ಅದು ಶುದ್ಧೀಕರಣದ ವಿಧಿಯೆಂದು ಕೆಲವರು ಭಾವಿಸಿದ್ದರು. ೨೦೧೪ರಲ್ಲಿ ಆಮ್ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಮರಳಿನ ಮೇಲೆ ಸಣ್ಣ ಜಾರುಬಂಡಿಯನ್ನು ಎಳೆದು ಪರೀಕ್ಷಿಸಿದರು. ಒಣಮರಳಿನಲ್ಲಿ ಬಂಡಿಯ ಮುಂದೆ ಮರಳು ಗುಡ್ಡೆಯಾಗಿ ನಿಂತು ತಡೆಯುತ್ತದೆ; ಹದವಾಗಿ ನೀರು ಬೆರೆತಾಗ ಕಣಗಳು ಒಂದನ್ನೊಂದು ಹಿಡಿದುಕೊಂಡು ನೆಲ ಗಟ್ಟಿಯಾಗುತ್ತದೆ; ಆಗ ಬೇಕಾಗುವ ಎಳೆತ ಸುಮಾರು ಅರ್ಧಕ್ಕೆ ಇಳಿಯುತ್ತದೆ; ನೀರು ಮಿತಿಮೀರಿದರೆ ಘರ್ಷಣೆ ಮತ್ತೆ ಏರುತ್ತದೆ ಎಂಬುದು ಅವರ ನಿರ್ಣಯ. ಇದರಿಂದ ನೀರು ಹೊಯ್ದುದರಲ್ಲಿ ವಿಧಿಯ ಅಂಶವಿರಲೇ ಇಲ್ಲವೆಂದು ಸಿದ್ಧವಾಗುವುದಿಲ್ಲ. ಆದರೆ ಹದವರಿತು ನೀರು ಹೊಯ್ದವನೊಬ್ಬನು ನೂರಾರು ಜನರ ದುಡಿಮೆಯನ್ನು ಅರ್ಧಕ್ಕಿಳಿಸಬಲ್ಲವನಾಗಿದ್ದನೆಂಬುದು ಇದರಿಂದ ವಿದಿತವಾಗುತ್ತದೆ.

೫೮ ಟನ್ನನ್ನು ೧೭೨ ಜನರಿಗೆ ಹಂಚಿದರೆ ತಲೆಗೆ ಸುಮಾರು ೩೩೭ ಕಿಲೋಗ್ರಾಂ ಬರುತ್ತದೆ. ಪಠ್ಯಪುಸ್ತಕಗಳಲ್ಲಿ ಬೆರಗು ಹುಟ್ಟಿಸಲು ಇಂಥ ಭಾಗಾಕಾರಗಳನ್ನು ಕೊಡುವುದುಂಟು. ಆದರೆ ಈ ೩೩೭ ಎಂಬುದು ಯಾರ ದುಡಿಮೆಯ ಅಳತೆಯೂ ಅಲ್ಲ. ನೀರಿನ ಕೊಡ ತುಂಬಿದ್ದಾಗ ಅದು ಒಂದು ಎಳೆತ, ಕೊಡ ಬರಿದಾದಾಗ ಇನ್ನೊಂದು. ಚಿತ್ರಕಾರನು ಮನುಷ್ಯರನ್ನು ಎಣಿಸಿ ಬರೆದನೆಂದೇ ಒಪ್ಪಿದರೂ, ದುಡಿಮೆಯ ರಹಸ್ಯವು ಆ ಎಣಿಕೆಯಲ್ಲಿಲ್ಲ; ಮುಂತುದಿಯಲ್ಲಿ ನಿಂತ ಆ ಒಬ್ಬನ ಕೈಯಲ್ಲಿದೆ.

ನಮ್ಮ ನಾಡಿನ ನಿದರ್ಶನವೊಂದನ್ನೂ ಇಲ್ಲಿ ಸ್ಮರಿಸಬಹುದು. ಕಾರ್ಕಳದ ಗೊಮ್ಮಟನು ಶ್ರವಣಬೆಳಗೊಳದ ಗೊಮ್ಮಟನಂತೆ ಬೆಟ್ಟದ ನೆತ್ತಿಯಲ್ಲಿಯೇ ಕಡೆದವನಲ್ಲ. ಬೇರೆಡೆ ಕಡೆದು ಮೇಲಕ್ಕೆ ಸಾಗಿಸಿದವನು. ಸುಮಾರು ೪೨ ಅಡಿ ಎತ್ತರದ ಈ ವಿಗ್ರಹದ ಶಾಸನವು ೧೪೩೨ರ ಪ್ರತಿಷ್ಠೆಯ ಕಾಲವನ್ನೂ, ಮಾಡಿಸಿದ ವೀರಪಾಂಡ್ಯನ ಹೆಸರನ್ನೂ, ಗುರುಗಳಾದ ಲಲಿತಕೀರ್ತಿಗಳ ಹೆಸರನ್ನೂ ತಿಳಿಸುತ್ತದೆ. ಬಂಡಿಯ ಮೇಲೆ ಅದನ್ನು ಬೆಟ್ಟಕ್ಕೆ ಸಾಗಿಸಿದ ವರ್ಣನೆಗಾಗಿ ನಾವು ಎರಡು ಶತಮಾನಗಳ ತರುವಾಯದ ಚಂದ್ರಮ ಕವಿಯ ಕಾವ್ಯಕ್ಕೆ ಹೋಗಬೇಕಾಗಿದೆ. ಗಾಲಿಯ ಬಂಡಿಯಾದುದರಿಂದ ಇದು ನಮ್ಮ ವಿಷಯಕ್ಕೆ ನೇರವಾಗಿ ಸೇರದಿದ್ದರೂ, ಎಳೆಸಿದವನ ಹೆಸರು ಕಲ್ಲಿನಲ್ಲಿ ಉಳಿದು ಎಳೆದವರ ಹೆಸರು ಉಳಿಯದಿರುವ ರೀತಿ ಎರಡೆಡೆಯೂ ಒಂದೇ.

೪

ಎಳೆದವರೇ ಬರೆದಿಟ್ಟ ದಾಖಲೆಗಳು ದೊರೆಯುವುದು ಧ್ರುವಪ್ರದೇಶಗಳ ಅನ್ವೇಷಣೆಯ ಕಾಲದಲ್ಲಿ. ೧೮೫೦ರ ದಶಕದಲ್ಲಿ ಉತ್ತರಧ್ರುವದ ಕಡೆ ಕಣ್ಮರೆಯಾದ ಫ್ರಾಂಕ್ಲಿನ್ನನ ನೌಕೆಗಳನ್ನು ಹುಡುಕಲು ಹೋದ ಬ್ರಿಟಿಷ್ ನೌಕಾಪಡೆಯವರು ನಾವಿಕರನ್ನೇ ಹೂಡಿ ಜಾರುಬಂಡಿಗಳನ್ನು ಎಳೆಸುವ ಪದ್ಧತಿಯನ್ನು ಬೆಳೆಸಿದರು. ಆ ಶೋಧದಲ್ಲಿ ತರುಣನಾಗಿ ಭಾಗವಹಿಸಿದ್ದ ಕ್ಲೆಮೆಂಟ್ಸ್ ಮಾರ್ಕಮ್ ಎಂಬವನು ಮುಂದೆ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಅಧ್ಯಕ್ಷನಾಗಿ, ನಾಯಿಗಳಿಗಿಂತ ಮನುಷ್ಯರೇ ಎಳೆಯುವುದು ಮೇಲೆಂಬ ಅಭಿಪ್ರಾಯವನ್ನು ಪೋಷಿಸಿದನು. ೧೮೬೦ರಲ್ಲಿ ನೀಲಗಿರಿಗೆ ಸಿಂಕೋನಾ ಸಸಿಗಳನ್ನು ತರಿಸಿದ ಮಾರ್ಕಮ್ ಈತನೇ. ಅವನ ಆಶ್ರಯದಲ್ಲಿ ಮೇಲೆ ಬಂದ ರಾಬರ್ಟ್ ಸ್ಕಾಟ್‌ನೂ ಸ್ವಂತ ಮೈಬಲದಿಂದ ಎಳೆದು ಮುನ್ನಡೆಯುವ ಪಯಣಕ್ಕೆ ಬೇರೆ ಯಾವುದೂ ಸಾಟಿಯಲ್ಲವೆಂದು ನಂಬಿದ್ದನು. ಹೀಗೆ ನಾವಿಕರ ದುಡಿಮೆಯಾಗಿದ್ದುದು ಕ್ರಮೇಣ ಪೌರುಷದ ಆದರ್ಶವಾಯಿತು.

೧೯೧೧ರ ಜೂನ್ ೨೭ರಂದು ಸ್ಕಾಟ್‌ನ ತಂಡದ ವಿಲ್ಸನ್, ಬವರ್ಸ್ ಮತ್ತು ಚೆರಿ-ಗೆರಾರ್ಡ್ ಎಂಬ ಮೂವರು ದಕ್ಷಿಣಧ್ರುವ ಖಂಡದ ಚಳಿಗಾಲದ ಕತ್ತಲೆಯಲ್ಲಿ ಎಂಪರರ್ ಪೆಂಗ್ವಿನ್ನುಗಳ ಮೊಟ್ಟೆಗಳನ್ನು ತರಲು ಕೇಪ್ ಕ್ರೋಜಿಯರ್ ಕಡೆಗೆ ಹೊರಟರು. ಎರಡು ಜಾರುಬಂಡಿಗಳ ಮೇಲೆ ೭೫೭ ಪೌಂಡು, ಎಂದರೆ ಸುಮಾರು ೩೪೩ ಕಿಲೋಗ್ರಾಂ ಸಾಮಗ್ರಿಯಿತ್ತು. ಚಳಿಯು ತೀರ ಹೆಚ್ಚಾದಾಗ ಎರಡು ಬಂಡಿಗಳನ್ನು ಒಟ್ಟಿಗೆ ಎಳೆಯುವುದು ಅಶಕ್ಯವಾಯಿತು. ಒಂದನ್ನು ಸ್ವಲ್ಪ ದೂರ ಎಳೆದಿಟ್ಟು, ಹಿಂದಿರುಗಿ ನಡೆದು, ಇನ್ನೊಂದನ್ನು ಎಳೆದು ತರಬೇಕಾಯಿತು. ಹೀಗೆ ಒಂದು ಮೈಲಿ ಮುಂದುವರಿಯಲು ಮೂರು ಮೈಲಿ ನಡೆದರು. ಭಾರದ ಪಟ್ಟಿಯಲ್ಲಿ ಮಾತ್ರ ಅದೇ ೭೫೭ ಪೌಂಡು.

ಇದರ ಕಾರಣವನ್ನು ವಿಜ್ಞಾನವು ತಿಳಿಸಿಕೊಟ್ಟಿದೆ. ಸಾಮಾನ್ಯವಾದ ಚಳಿಯಲ್ಲಿ ಬಂಡಿಯ ಅಡಿಪಟ್ಟಿಯು ಹಿಮವನ್ನು ಉಜ್ಜಿದಾಗ ಕಣಗಳ ಮೇಲೆ ತೆಳುವಾದ ಜಾರುಪದರವೊಂದು ಏರ್ಪಡುತ್ತದೆ. ಬಂಡಿ ಅದರ ಮೇಲೆ ಜಾರುತ್ತದೆ. ಚಳಿಯು ತೀರ ಹೆಚ್ಚಾದಾಗ ಆ ಪದರವು ಏರ್ಪಡದೆ ಹಿಮಕಣಗಳು ಮರಳಿನಂತೆ ಅಡಿಪಟ್ಟಿಯನ್ನು ಹಿಡಿಯುತ್ತವೆ.

ಸ್ಕಾಟ್‌ನ ಕೊನೆಯ ಪಯಣವನ್ನು ಈ ದೃಷ್ಟಿಯಿಂದ ಓದಬೇಕಾಗಿದೆ. ನಾರ್ವೆಯ ಅಮುಂಡ್ಸೆನ್ನನು ನಾಯಿಗಳ ಸಹಾಯದಿಂದ ೧೯೧೧ರ ಡಿಸೆಂಬರ್ ೧೪ರಂದು ದಕ್ಷಿಣಧ್ರುವವನ್ನು ತಲುಪಿದ್ದನು. ಸ್ಕಾಟ್, ವಿಲ್ಸನ್, ಬವರ್ಸ್, ಓಟ್ಸ್ ಮತ್ತು ಎಡ್ಗರ್ ಇವಾನ್ಸ್ ಎಂಬ ಐವರು ತಾವೇ ಬಂಡಿ ಎಳೆಯುತ್ತ ೧೯೧೨ರ ಜನವರಿ ೧೭ರಂದು ತಲುಪಿದರು. ಮರುಪಯಣದಲ್ಲಿ ಆಹಾರ ಮುಗಿಯುತ್ತ ಬಂದಂತೆ ಬಂಡಿಯ ಭಾರ ಕಡಿಮೆಯಾಗುತ್ತಿತ್ತು. ಭಾರವೇ ದುಡಿಮೆಯಾಗಿದ್ದರೆ ದಿನದಿನಕ್ಕೆ ಹಾದಿ ಸುಗಮವಾಗಬೇಕಾಗಿತ್ತು. ಆದುದು ಇದಕ್ಕೆ ವಿರುದ್ಧ. ಫೆಬ್ರವರಿ ೧೭ರಂದು ಇವಾನ್ಸ್ ತೀರಿಕೊಂಡನು. ಎರಡು ದಿನಗಳ ಅನಂತರದ ದಿನಚರಿಯಲ್ಲಿ ಸ್ಕಾಟ್‌ನು ಬಂಡಿಯು ಕೊಂಚವೂ ಜಾರದೆ, ಮರುಭೂಮಿಯ ಮರಳಿನ ಮೇಲೆ ಎಳೆದಂತಾಗುತ್ತಿದೆಯೆಂಬ ಅರ್ಥದ ಮಾತನ್ನು ಬರೆದಿದ್ದಾನೆ. ಜೆಹುತಿಹೋತೆಪನ ಜನರು ನೀರು ಹೊಯ್ದು ಗೆದ್ದ ಮರಳನ್ನು ಇವರು ಹಿಮದಲ್ಲಿ ಎದುರಿಸಬೇಕಾಯಿತು. ಇಲ್ಲಿ ಹೊಯ್ಯಲು ನೀರಿರಲಿಲ್ಲ. ಆ ವರ್ಷದ ಮಾರ್ಚ್ ತಿಂಗಳ ಚಳಿಯು ಅಲ್ಲಿಗೂ ಅಸಾಧಾರಣವಾಗಿತ್ತೆಂದು ವಾಯುಮಂಡಲ ವಿಜ್ಞಾನಿ ಸೂಸನ್ ಸಾಲಮನ್ ಅವರು ೨೦೦೧ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಮಾರ್ಚ್ ಮಧ್ಯದಲ್ಲಿ ಓಟ್ಸ್ ಗುಡಾರದಿಂದ ಹೊರನಡೆದು ಮಡಿದನು. ಉಳಿದ ಮೂವರು ಆಹಾರದ ದಾಸ್ತಾನಿಗೆ ೧೧ ಮೈಲಿ ದೂರದಲ್ಲಿ ಪ್ರಾಣ ಬಿಟ್ಟರು. ಸ್ಕಾಟ್‌ನ ದಿನಚರಿಯ ಕೊನೆಯ ದಿನಾಂಕ ಮಾರ್ಚ್ ೨೯. ನವೆಂಬರಿನಲ್ಲಿ ಅವರ ಗುಡಾರ ಸಿಕ್ಕಿದಾಗ, ಅವರು ಕೊನೆಯವರೆಗೂ ಎಳೆದು ತಂದಿದ್ದ ಸುಮಾರು ೧೬ ಕಿಲೋಗ್ರಾಂ ಶಿಲಾಮಾದರಿಗಳೂ ಸಿಕ್ಕಿದವು.

ಈ ಕಲ್ಲುಗಳೇ ಅವರನ್ನು ಕೊಂದವೆಂದು ಹೇಳುವವರುಂಟು. ಮೇಲ್ಕಂಡ ತತ್ತ್ವವನ್ನು ಅನ್ವಯಿಸಿದರೆ ಈ ಮಾತು ನಿಲ್ಲುವುದಿಲ್ಲವೆಂದು ನಮ್ಮ ಅಭಿಪ್ರಾಯ. ಹಿಮದ ಘರ್ಷಣೆಯು ಭಾರದ ಹತ್ತರಲ್ಲಿ ಎರಡು ಪಾಲಿದ್ದರೂ ೧೬ ಕಿಲೋಗ್ರಾಂ ಕಲ್ಲು ಒಟ್ಟು ಎಳೆತಕ್ಕೆ ಸೇರಿಸುವುದು ಮೂರು ಕಿಲೋಗ್ರಾಂ ತೂಕಕ್ಕೆ ತುಸು ಹೆಚ್ಚು. ಅದನ್ನೂ ಎಳೆಯುವವರೆಲ್ಲರೂ ಹಂಚಿಕೊಳ್ಳುತ್ತಾರೆ. ಕೊಂದದ್ದು ನೆಲ, ಚಳಿ ಮತ್ತು ಹಸಿವು. ಅವರ ದಿನದ ಆಹಾರ ಸುಮಾರು ೪,೫೦೦ ಕಿಲೋಕ್ಯಾಲೊರಿಯಷ್ಟಿತ್ತೆಂದು ಲೆಕ್ಕಹಾಕಲಾಗಿದೆ. ಇದು ಸಾಲದೆಂಬುದಕ್ಕೆ ಇತ್ತೀಚಿನ ಪ್ರಮಾಣವಿದೆ. ೧೯೯೨-೯೩ರಲ್ಲಿ ರಾನಲ್ಫ್ ಫೈನ್ಸ್ ಮತ್ತು ವೈದ್ಯ ಮೈಕ್ ಸ್ಟ್ರೌಡ್ ಅವರು ಆರಂಭದಲ್ಲಿ ತಲಾ ೨೦೦ ಕಿಲೋಗ್ರಾಮಿಗೂ ಮೀರಿದ ಬಂಡಿಗಳನ್ನು ಎಳೆಯುತ್ತ ಅದೇ ಖಂಡದಲ್ಲಿ ೯೫ ದಿನ ಸಾಗಿದರು. ದಿನಕ್ಕೆ ೫,೦೦೦ ಕಿಲೋಕ್ಯಾಲೊರಿಯಷ್ಟು ತಿಂದರೂ ಇಬ್ಬರೂ ತಲಾ ೨೦ ಕಿಲೋಗ್ರಾಮಿಗೂ ಹೆಚ್ಚು ತೂಕವನ್ನು ಕಳೆದುಕೊಂಡರು.

೫

ದುಡಿಮೆಯಾಗಿದ್ದ ಎಳೆತವು ವ್ಯಾಯಾಮವಾದ ಬಗೆಯನ್ನು ಇನ್ನು ನೋಡಬಹುದು. ಈ ಎರಡಕ್ಕೂ ನಡುವಣ ಗೆರೆ ನಮ್ಮ ದೇಶದಲ್ಲಿ ಎಂದೂ ಗಾಢವಾಗಿರಲಿಲ್ಲ. ಉತ್ತರಭಾರತದ ಅಖಾಡಗಳಲ್ಲಿ ಅಗೆದ ಮಣ್ಣನ್ನು ಸಮಮಾಡಲು ದಪ್ಪನಾದ ಮರದ ಹಲಗೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬನು ಎಳೆಯುವ ಪದ್ಧತಿಯಿದೆ. ಅಲ್ಲಿ ಅಂಗಣದ ಕೆಲಸವೂ ಆಯಿತು, ಪೈಲ್ವಾನನ ಸಾಧನೆಯೂ ಆಯಿತು. ಪಶ್ಚಿಮದಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರರು ತಳ್ಳುವ ಬಂಡಿಯನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಭಾರ ಎತ್ತುವವರಲ್ಲಿ ಎಳೆಯುವ ಬಂಡಿಯನ್ನು ಪ್ರಚಾರಕ್ಕೆ ತಂದವರಲ್ಲಿ ಓಹಾಯೋ ಸಂಸ್ಥಾನದ ಕೊಲಂಬಸ್ ನಗರದ ವೆಸ್ಟ್‌ಸೈಡ್ ಬಾರ್ಬೆಲ್ ಎಂಬ ವ್ಯಾಯಾಮಶಾಲೆಯ ಸ್ಥಾಪಕ, ೨೦೨೨ರಲ್ಲಿ ನಿಧನರಾದ ಲೂಯಿ ಸಿಮನ್ಸ್ ಪ್ರಮುಖರು. ಫಿನ್ಲೆಂಡಿನ ಕಾಡುಗಳಲ್ಲಿ ಮರದ ದಿಮ್ಮಿಗಳನ್ನು ಎಳೆಯುವವರ ವಿಚಾರ ಕೇಳಿ ತಮಗೆ ಈ ಸಾಧನೆ ಹೊಳೆಯಿತೆಂದು ಅವರು ಹೇಳಿಕೊಂಡಿದ್ದರು.

ಶರೀರಶಾಸ್ತ್ರದ ದೃಷ್ಟಿಯಿಂದ ಈ ಸಾಧನೆಗೆ ಒಂದು ವಿಶೇಷವಿದೆ. ಎತ್ತಿದ ಭಾರವನ್ನು ಇಳಿಸಲೇಬೇಕು. ಇಳಿಸುವಾಗ ಸ್ನಾಯುವು ಬಿಗಿಹಿಡಿದುಕೊಂಡೇ ಹಿಗ್ಗಬೇಕಾಗುತ್ತದೆ, ಮರುದಿನದ ಮೈನೋವಿಗೆ ಮುಖ್ಯಕಾರಣ ಈ ಹಿಗ್ಗುವ ದುಡಿಮೆ. ಬಂಡಿಯನ್ನು ಎಳೆಯುವಾಗ ಇಳಿಸುವ ಕಾರ್ಯವಿಲ್ಲ. ಸ್ನಾಯುವು ಬಹುಮಟ್ಟಿಗೆ ಕುಗ್ಗುತ್ತಲೇ ದುಡಿಯುತ್ತದೆ. ಆದುದರಿಂದ ನೋವು ಕಡಿಮೆ, ಚೇತರಿಕೆ ಬೇಗ. ನಿಲ್ಲಿಸಿದ ಕೂಡಲೆ ಬಂಡಿಯೂ ನಿಲ್ಲುವುದರಿಂದ ಭಾರವು ಮೇಲೆ ಬೀಳುವ ಭಯವೂ ಇಲ್ಲ. ಮುಂದಕ್ಕೆ ಬಾಗಿ ನಡೆದರೆ ಪಿರ್ರೆ, ತೊಡೆಯ ಹಿಂಭಾಗ ಮತ್ತು ಮೀನಖಂಡಗಳಿಗೂ, ಬಂಡಿಯ ಕಡೆ ಮುಖಮಾಡಿ ಹಿಂದಕ್ಕೆ ನಡೆದರೆ ತೊಡೆಯ ಮುಂಭಾಗಕ್ಕೂ ಶ್ರಮ ದೊರೆಯುತ್ತದೆ. ಸ್ವಲ್ಪ ದೂರ ಹೆಚ್ಚು ಭಾರವನ್ನು ಎಳೆದರೆ ಬಲವೂ, ಹೆಚ್ಚು ದೂರ ಕಡಿಮೆ ಭಾರವನ್ನು ಎಳೆದರೆ ದಮ್ಮೂ ವೃದ್ಧಿಯಾಗುತ್ತವೆ.

ಮನೆಯಲ್ಲಿ ಇದನ್ನು ಅಭ್ಯಾಸಮಾಡುವವರಿಗೆ ಬೆಲೆಬಾಳುವ ಸಾಮಗ್ರಿ ಬೇಕಾಗಿಲ್ಲ. ಹಳೆಯ ಟೈರು ಅಥವಾ ಗಟ್ಟಿಯಾದ ಹಲಗೆ, ಮರಳಿನ ಚೀಲ, ಉದ್ದವಾದ ಹಗ್ಗ, ಸೊಂಟಕ್ಕೆ ಅಗಲವಾದ ಪಟ್ಟಿ ಸಾಕು. ಮೇಲಿನ ಚರಿತ್ರೆಯಿಂದ ಅವರು ಕಲಿಯಬೇಕಾದುದು ಬೇರೆ. ಮೊದಲನೆಯದಾಗಿ, ಹಳೆಯ ಸಾಮಾನಿನ ವ್ಯಾಪಾರಿಗಳು ಬಳಸುವಂಥ, ಕೊಕ್ಕೆಯುಳ್ಳ ತೂಗುತ್ರಾಸೊಂದನ್ನು ಹಗ್ಗದ ನಡುವೆ ಸಿಕ್ಕಿಸಿ, ಬಂಡಿಯು ಒಂದೇ ಸಮನಾಗಿ ಸರಿಯುವಾಗ ಅದು ತೋರಿಸುವ ಅಂಕೆಯನ್ನು ಗುರುತಿಸಿಕೊಳ್ಳಬೇಕು. ಅದೇ ನಿಜವಾದ ಎಳೆತ. ಎರಡನೆಯದಾಗಿ, ದಿನಚರಿಯಲ್ಲಿ ಭಾರವನ್ನು ಮಾತ್ರವಲ್ಲದೆ ನೆಲ, ಅದರ ಒದ್ದೆ, ದೂರ ಮತ್ತು ವಿರಾಮಗಳನ್ನೂ ಬರೆದಿಡಬೇಕು. ನೆಲ ಬದಲಾದ ದಿನ ಭಾರವನ್ನು ಇಳಿಸಿ ಹೊಸದಾಗಿ ಆರಂಭಿಸಬೇಕು. ಮೂರನೆಯದಾಗಿ, ಹಗ್ಗವನ್ನು ಮೊದಲು ಬಿಗಿಮಾಡಿಕೊಂಡು, ಅನಂತರ ಮೈಯನ್ನು ಬಾಗಿಸಿ ನಿಧಾನವಾಗಿ ಕದಲಿಸಬೇಕೇ ಹೊರತು ಜಗ್ಗಬಾರದು. ಇಳಿಜಾರಿನಲ್ಲಿ ಬಂಡಿಯು ತಾನಾಗಿ ಕಾಲಿಗೆ ಬಂದು ಹೊಡೆಯಬಹುದಾದ್ದರಿಂದ ಸಮನೆಲವನ್ನೇ ಆರಿಸಿಕೊಳ್ಳಬೇಕು. ಹೃದಯದ ಅಥವಾ ರಕ್ತದೊತ್ತಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

೬

ಇಷ್ಟರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಹೇರಿದ ಭಾರವೂ ಎಳೆದ ದುಡಿಮೆಯೂ ಬೇರೆ ಬೇರೆ; ಇವೆರಡರ ನಡುವೆ ನೆಲ, ನೀರು, ಚಳಿ, ಆಹಾರಗಳು ನಿಂತಿವೆ. ವ್ಯಾಯಾಮಕ್ಕೂ ದುಡಿಮೆಗೂ ಇರುವ ಭೇದವಾದರೋ ಚಲನೆಯಲ್ಲಿಲ್ಲ, ಭಾರದಲ್ಲೂ ಇಲ್ಲ. ಹಗ್ಗವನ್ನು ಕೆಳಗಿಡುವ ಅಧಿಕಾರ ಯಾರದೆಂಬುದರಲ್ಲಿದೆ. ನಮ್ಮ ವಿದ್ಯಾರ್ಥಿಯು ಸೊಂಟ ಹಿಡಿದಾಗ ಹಗ್ಗವನ್ನು ಬಿಚ್ಚಿ ಮನೆಯೊಳಗೆ ಹೋಗಿ ಮಲಗಿದನು. ಜೆಹುತಿಹೋತೆಪನ ಸಾಲಿನಲ್ಲಿ ಸೊಂಟ ಹಿಡಿದವನು ಏನು ಮಾಡಿದನೆಂದು ಆ ಸಮಾಧಿಯ ಬರಹವು ಹೇಳುವುದಿಲ್ಲ. ಸ್ಕಾಟ್‌ನ ಸಂಗಡಿಗರು ಇಚ್ಛೆಯಿಂದ ಹೋದವರಾದರೂ, ಧ್ರುವದಿಂದ ಹಿಂದಿರುಗುವಾಗ ಅವರಿಗೂ ಹಗ್ಗವನ್ನು ಕೆಳಗಿಡುವ ಮಾರ್ಗವಿರಲಿಲ್ಲ.

ನಮ್ಮ ನಾಡಿನಲ್ಲಿ ಹಲಗೆ ಹೊಡೆದವರು, ಬೆಟ್ಟಕ್ಕೆ ಕಲ್ಲು ಸಾಗಿಸಿದವರು, ಕಾಡಿನಿಂದ ದಿಮ್ಮಿ ಎಳೆದವರು ಇವರ ದುಡಿಮೆಯ ಲೆಕ್ಕವನ್ನು ಶಾಸನಗಳಲ್ಲಿ ಮಾತ್ರ ಹುಡುಕಿದರೆ ದೊರೆಯಲಾರದು. ಗದ್ದೆಗಳಿಗೆ ಟ್ರ್ಯಾಕ್ಟರು ಬರುವುದಕ್ಕೆ ಮುಂಚೆ ದುಡಿದ ವೃದ್ಧರು ಇನ್ನೂ ಹಳ್ಳಿಗಳಲ್ಲಿದ್ದಾರೆ. ಯಾವ ಮಣ್ಣಿನಲ್ಲಿ, ಎಷ್ಟು ನೀರಿನಲ್ಲಿ, ಎಷ್ಟು ಹೊತ್ತು, ಏನು ಉಂಡು ದುಡಿದರೆಂಬುದನ್ನು ಅವರ ಬಾಯಿಂದ ಕೇಳಿ ಬರೆದಿಡುವ ಕಾರ್ಯವನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳು ಬೇಗನೆ ಕೈಗೊಳ್ಳಬೇಕಾಗಿದೆ. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿಯು ತನ್ನ ಅಜ್ಜನಿಂದಲೇ ಇದನ್ನು ಆರಂಭಿಸಿದ್ದಾನೆಂದು ತಿಳಿಸಲು ನಮಗೆ ಸಂತೋಷವಾಗುತ್ತದೆ.